ಸೊನ್ನೆಯಲ್ಲಿ ಹತ್ತು ಲಕ್ಷ!

ನಮ್ಮ ಬ್ಯಾಂಕಿನವರಿಗೆ 'ಡೆರಿವೇಟಿವ್' ಅಂದರೆ ಫ್ಯೂಚರ್ಸು, ಆಪ್ಷನ್ಸು, ಜೊತೆಗೊಂದಿಷ್ಟು ತಲೆನೋವು... ಅಷ್ಟೇ. ಮೊನ್ನೆ ಅಮೆರಿಕದಿಂದ ರಜೆಗೆ ಮುಂಬಯಿಗೆ ಬಂದಿದ್ದ ಅಕ್ಕನ ಮಗ ತನ್ನ ಟಿಐ-84 ಗ್ರಾಫಿಂಗ್ ಕ್ಯಾಲ್ಕುಲೇಟರ್ ಹಿಡಿದುಕೊಂಡು, "ಮಾಮ, 1/x ಅನ್ನೋದಕ್ಕೆ ಸೊನ್ನೆಯಲ್ಲಿ ಡೆರಿವೇಟಿವ್ ಎಷ್ಟು?" ಅಂದ. ಸೊನ್ನೆಯಿಂದ ಭಾಗಿಸೋಕೇ ಆಗಲ್ಲ, ಉತ್ತರ ಇಲ್ಲ ಕಣೋ ಅಂದೆ. ಮೆಷೀನು ಮಾತ್ರ ಸ್ವಲ್ಪವೂ ಸಂಕೋಚವಿಲ್ಲದೆ 1000000 ಅಂತ ತೋರಿಸುತ್ತಿತ್ತು!

ನಾನು ಓದಿದ್ದು ಬಿಕಾಂ. ಆದರೆ ತಾಳೆಯಾಗದ ಮೊತ್ತ ಕಂಡರೆ ನಿದ್ದೆ ಬಾರದ ಜಾತಿ ನಮ್ಮದು. ಹುಡುಕುತ್ತಾ ಕೂತೆ.

ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಂದದ್ದು 1985ರಲ್ಲಿ, ಕ್ಯಾಸಿಯೊ ಎಫ್‌ಎಕ್ಸ್-7000ಜಿ. ಪ್ರೋಗ್ರಾಂ ಬರೆಯಲು ಅದರಲ್ಲಿದ್ದ ಜಾಗ ಬರೀ 422 ಬೈಟ್. 1987ರ ಎಚ್‌ಪಿ-28ಸಿಗೆ ಸೂತ್ರ ಕೊಟ್ಟರೆ ಡೆರಿವೇಟಿವನ್ನೂ ಸೂತ್ರವಾಗಿಯೇ ಹಿಂದಿರುಗಿಸುತ್ತಿತ್ತು. 1995ರಿಂದ ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾಯಿತು. ಅದೇ ವರ್ಷ ಬಂದ ಟಿಐ-92 ಕೂಡ ಸೂತ್ರ ಬಲ್ಲದ್ದು, ಆದರೆ ಟೈಪ್‌ರೈಟರಿನಂಥ ಕೀಲಿಮಣೆ ಇತ್ತೆಂದು ಪರೀಕ್ಷೆಯೊಳಗೆ ಬಿಡಲಿಲ್ಲ. 1998ರಲ್ಲಿ ಹೆಚ್ಚುಕಡಿಮೆ ಅದೇ ವಿದ್ಯೆ ಕಲಿತ ಟಿಐ-89 ಮಾಮೂಲಿ ಕ್ಯಾಲ್ಕುಲೇಟರಿನ ವೇಷದಲ್ಲಿ ಬಂತು, ಬಿಟ್ಟರು! (ನಮ್ಮ ಕೆಲವು ಸರ್ಕ್ಯುಲರ್‌ಗಳ ನೆನಪಾಯಿತು :))

ಹುಡುಗರ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಟಿಐ-83, 84ರಂಥವು. ಇವಕ್ಕೆ ಸೂತ್ರ ಗೊತ್ತಿಲ್ಲ. 'ಎನ್‌ಡೆರಿವ್' ಒತ್ತಿದರೆ ಆ ಬಿಂದುವಿನಿಂದ 0.001 ಮುಂದೆ ಒಂದು ಬೆಲೆ, 0.001 ಹಿಂದೆ ಒಂದು ಬೆಲೆ ತೆಗೆದು, ವ್ಯತ್ಯಾಸವನ್ನು 0.002ರಿಂದ ಭಾಗಿಸುತ್ತವೆ. x ಘನಕ್ಕೆ 5ರಲ್ಲಿ ಸರಿಯುತ್ತರ 75. ಬರೀ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಲೆಕ್ಕ ಹಾಕಿದ್ದರೆ 75.015001 ಬರುತ್ತಿತ್ತು. ಎರಡೂ ಕಡೆ ನೋಡಿದ್ದರಿಂದ 75.000001. ಎಷ್ಟು ಚೆಂದ! ಆದರೆ 1/xಗೆ ಸೊನ್ನೆಯ ಆಚೆ 1000, ಈಚೆ -1000. ವ್ಯತ್ಯಾಸ 2000, ಅದನ್ನು 0.002ರಿಂದ ಭಾಗಿಸಿದರೆ ಹತ್ತು ಲಕ್ಷ. ನಡುವಿನ ಸೊನ್ನೆಯತ್ತ ಅದು ತಿರುಗಿಯೂ ನೋಡಿಲ್ಲ.

ಬೆಚ್ಚಿದ್ದು ಇಲ್ಲೇ. ನಮ್ಮ ಟ್ರೆಜರಿಯಲ್ಲಿ ಬಾಂಡಿನ 'ಎಫೆಕ್ಟಿವ್ ಡ್ಯುರೇಷನ್' ತೆಗೆಯುವುದೂ ಹೀಗೇ ಅಲ್ಲವೇ? ಬಡ್ಡಿ ತುಸು ಏರಿದರೆ ಎಷ್ಟು ಬೆಲೆ, ತುಸು ಇಳಿದರೆ ಎಷ್ಟು ಬೆಲೆ, ವ್ಯತ್ಯಾಸವನ್ನು ಈಗಿನ ಬೆಲೆಯಿಂದಲೂ, ಬಡ್ಡಿಯ ಆ ಏರಿಳಿತದ ಎರಡರಷ್ಟರಿಂದಲೂ ಭಾಗಿಸುವುದು. ಎಷ್ಟೋ ವರ್ಷ ಆ ಅಂಕಿ ನೋಡಿ ಸಹಿ ಹಾಕಿದ್ದೇನೆ, ನಡುವೆ ಏನಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಹುಡುಗ ಅಷ್ಟರಲ್ಲಿ xನ ನಿರಪೇಕ್ಷ ಬೆಲೆಗೆ, ಅಂದರೆ ಮೈನಸ್ ಚಿಹ್ನೆ ಕಳೆದ xಗೆ, ಸೊನ್ನೆಯಲ್ಲಿ ಡೆರಿವೇಟಿವ್ ಕೇಳಿದ್ದ. ಉತ್ತರ 0 ಬಂತು. "ಇದು ಸರೀನಾ ಮಾಮ?"

"ಗ್ರಾಫ್ ಒತ್ತಿ ನೋಡೋ" ಅಂದೆ. ಪರದೆಯ ನಡುವೆ ಚೂಪಾದ ಒಂದು ಮೂಲೆ ಮೂಡಿತು. ಎಡಕ್ಕೆ ಇಳಿಜಾರು -1, ಬಲಕ್ಕೆ +1.