ಮದ್ದು ಸರಿ, ದಾರಿ ಸರಿಯೇ? – ಸೂಜಿಯಿಂದ ಆಘಾತ ತರಂಗದವರೆಗೆ

ಒಂದು ಔಷಧ ಒಳ್ಳೆಯದೇ ಅಲ್ಲವೇ ಎಂದು ತಿಳಿಯಬೇಕಾದರೆ ಎರಡು ಪ್ರಶ್ನೆಗಳನ್ನು ಕೇಳಬೇಕು. ಮದ್ದು ರೋಗದ ಮೇಲೆ ಕೆಲಸ ಮಾಡುತ್ತದೆಯೇ ಎಂಬುದು ಮೊದಲನೆಯದು. ಅದನ್ನು ದೇಹದೊಳಗೆ ಸೇರಿಸುವ ದಾರಿ ಸುರಕ್ಷಿತವೇ ಎಂಬುದು ಎರಡನೆಯದು. ನಮ್ಮ ಪಠ್ಯಪುಸ್ತಕಗಳು ಮೊದಲ ಪ್ರಶ್ನೆಗೆ ಅಧ್ಯಾಯಗಳನ್ನೇ ಮೀಸಲಿಡುತ್ತವೆ. ಎರಡನೆಯದಕ್ಕೆ ಒಂದು ಪುಟವೂ ಸಿಗುವುದು ಕಷ್ಟ. ಆದರೆ ಎರಡನೆಯ ಪ್ರಶ್ನೆಯನ್ನು ಕಡೆಗಣಿಸಿದಾಗಲೆಲ್ಲ ಜನ ಪ್ರಾಣ ತೆತ್ತಿದ್ದಾರೆ. ಈ ಕತೆಯ ಹಲವು ಘಟ್ಟಗಳು ಕರ್ನಾಟಕದವು. ಅದರ ಇತ್ತೀಚಿನ ಘಟ್ಟವಂತೂ ಕುಮಾರ ಪಾರ್ಕಿನಿಂದ ಹೊರಟು ಮಲ್ಲೇಶ್ವರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದದ್ದು.

ತೋಳಿನಿಂದ ತೋಳಿಗೆ

ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದು ನಿಮಗೆ ತಿಳಿದೇ ಇದೆ. ಆದರೆ ಆ ಕೀವನ್ನು ಇಂಗ್ಲೆಂಡಿನಿಂದ ಭಾರತಕ್ಕೆ ತರುವುದು ಹೇಗೆ? ಆಗ ಶೀತಕ ಯಂತ್ರಗಳಿರಲಿಲ್ಲ. ಹಡಗಿನ ಪ್ರಯಾಣದಲ್ಲಿ ಲಸಿಕೆ ಕೆಟ್ಟುಹೋಗುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಜೀವಂತ ಸರಪಳಿ. ಲಸಿಕೆ ಪಡೆದ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಗೀರಿ ಹಾಕುವುದು. ಹೀಗೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಯಶಸ್ವಿಯಾಗಿ ಲಸಿಕೆ ಪಡೆದ ಮೊದಲ ವ್ಯಕ್ತಿಯಾಯಿತು.

ಮೈಸೂರು ಸಂಸ್ಥಾನಕ್ಕೂ ಲಸಿಕೆ ಬೇಗನೆ ಬಂದಿತು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಿವರಣೆ. ಹೊಸ ಮದ್ದಿಗೆ ಅಂಜುವ ಜನರಿಗೆ ಅರಮನೆಯೇ ಮಾದರಿಯಾದದ್ದು ಗಮನಾರ್ಹ.

ಮದ್ದೇನೋ ಸರಿ. ದಾರಿ? ಒಂದು ಮಗುವಿನ ತೋಳಿನಿಂದ ಗೋಸಿಡುಬಿನ ಜೊತೆಗೆ ಬೇರೆ ರೋಗವೂ ದಾಟಬಹುದಲ್ಲವೇ? ದಾಟಿತು. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಲಸಿಕೆ ಪಡೆದ ಹಲವಾರು ಮಕ್ಕಳಿಗೆ ಸಿಫಿಲಿಸ್ ರೋಗ ಅಂಟಿತು. ಆಮೇಲೆ ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುವ ಪದ್ಧತಿ ಎಲ್ಲೆಡೆ ಹರಡಿತು. 1898ರಲ್ಲಿ ಬ್ರಿಟನ್ ತೋಳಿನಿಂದ ತೋಳಿಗೆ ಲಸಿಕೆ ಹಾಕುವುದನ್ನು ಕಾನೂನಿನಿಂದ ನಿಷೇಧಿಸಿತು. ಬೆಳಗಾವಿಯಲ್ಲಿ ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ಪ್ರದೇಶಕ್ಕೆ ಆ ಹೆಸರು ಬಂದದ್ದು ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಕೇಂದ್ರದಿಂದಲೇ.

ಪ್ಲೇಗು ಮತ್ತು ಒಂದು ಸೀಸೆ

ಚರ್ಮದ ಒಳಗೆ ಮದ್ದನ್ನು ತಳ್ಳುವ ಸೂಜಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ. ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ 1844ರಲ್ಲಿ ಟೊಳ್ಳು ಸೂಜಿಯನ್ನು ಬಳಸಿದ. ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಚಾರ್ಲ್ಸ್ ಪ್ರವಾಜ್ 1853ರಲ್ಲಿ ಬೇರೆ ಬೇರೆಯಾಗಿ ಸಿರಿಂಜನ್ನು ರೂಪಿಸಿದರು. ರೋಗಾಣು ಸಿದ್ಧಾಂತ ಆಗಿನ್ನೂ ನೆಲೆಯೂರಿರಲಿಲ್ಲ ಎಂಬುದನ್ನು ನೆನಪಿಡಿ. ಸೂಜಿಯನ್ನು ಕುದಿಸಬೇಕೆಂಬ ಯೋಚನೆಗಿಂತ ಮೊದಲೇ ಸೂಜಿ ಬಂದಿತ್ತು!

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಊರು ತೊರೆದರು, ಪೇಟೆಯ ಇಕ್ಕಟ್ಟಾದ ಬೀದಿಗಳು ಬರಿದಾದವು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ ವೇಗವಾಗಿ ಬೆಳೆದದ್ದು ಈ ಹೊಡೆತದ ನಂತರ. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಈ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು.

ನಂತರ ನಡೆದದ್ದು ದುರಂತ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನಕ್ಕೂ ಒಂದೇ ಸೀಸೆಯಿಂದ ಲಸಿಕೆ ಹೋಗಿತ್ತು. ಉಳಿದವರಿಗೆ ಏನೂ ಆಗಲಿಲ್ಲ. ಹಾಗಾದರೆ ತಪ್ಪು ಲಸಿಕೆಯ ತತ್ತ್ವದ್ದಲ್ಲ; ಆ ಒಂದು ಸೀಸೆಗೆ ಧನುರ್ವಾಯುವಿನ ರೋಗಾಣು ಎಲ್ಲೋ ಸೇರಿಕೊಂಡಿತ್ತು. ತನಿಖೆ ಹಾಫ್‌ಕಿನ್‌ನ ಪ್ರಯೋಗಾಲಯವನ್ನು ದೂರಿತು, ಅವನು ಹುದ್ದೆ ಕಳೆದುಕೊಂಡ. ಆದರೆ ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತೆಂದೂ, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಯಿತೆಂದೂ ತಿಳಿದುಬಂತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪರವಾಗಿ ಬರೆದ ಮೇಲೆ, 1907ರಲ್ಲಿ ಹಾಫ್‌ಕಿನ್ ಮೇಲಿನ ಆರೋಪ ತೊಲಗಿತು. ಜನರ ನಂಬಿಕೆ ಅಷ್ಟು ಬೇಗ ಮರಳಲಿಲ್ಲ. ದಾರಿ ಕೆಟ್ಟರೆ ಮದ್ದಿನ ಹೆಸರೂ ಕೆಡುತ್ತದೆ ಎಂಬ ಪಾಠವನ್ನು ಮುಲ್ಕೋವಾಲ್ ಕಲಿಸಿತು.

ಸೂಜಿಯಿಲ್ಲದ ಚುಚ್ಚುಮದ್ದು

ಈಗ ಸ್ವಲ್ಪ ಭೌತವಿಜ್ಞಾನಕ್ಕೆ ಬರೋಣ. ಸೂಜಿ ಚರ್ಮವನ್ನು ಏಕೆ ತೂರುತ್ತದೆ? ಬಲ ಕಡಿಮೆಯಾದರೂ ತುದಿಯ ವಿಸ್ತೀರ್ಣ ಅತಿ ಕಿರಿದು. ಆದ್ದರಿಂದ ಒತ್ತಡ ಅಧಿಕ. ಹಾಗಿದ್ದರೆ ಉಕ್ಕಿನ ತುದಿಯೇ ಬೇಕೆಂದೇನೂ ಇಲ್ಲ. ಅತಿ ವೇಗದಿಂದ ಹೊಮ್ಮುವ ದ್ರವದ ಸಣ್ಣ ಧಾರೆಯೂ ಸಾಕು. ನೀವೇ ಲೆಕ್ಕ ಹಾಕಿ. ಸಾಂದ್ರತೆ ρ ಇರುವ ದ್ರವ v ವೇಗದಿಂದ ಬಂದು ಬಡಿದಾಗ ಉಂಟಾಗುವ ಒತ್ತಡ ½ρv². ನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋಗ್ರಾಂ. ವೇಗ ಸೆಕೆಂಡಿಗೆ 100 ಮೀಟರ್ ಆದರೆ ಒತ್ತಡ 50 ಲಕ್ಷ ಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 50 ಪಟ್ಟು! ವೇಗ ಇಮ್ಮಡಿಸಿದರೆ ಒತ್ತಡ ನಾಲ್ಮಡಿ. ಧಾರೆಯ ವೇಗವನ್ನು ಹತೋಟಿಯಲ್ಲಿಟ್ಟರೆ ಅದು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನೂ ಹತೋಟಿಯಲ್ಲಿಡಬಹುದು.

ಈ ಯೋಚನೆ ಹೊಸದಲ್ಲ. 1866ರಲ್ಲೇ ಪ್ಯಾರಿಸಿನಲ್ಲಿ ಗ್ಯಾಲಾಂಟ್ ಎಂಬಾತ ರೂಪಿಸಿದ್ದ ಇಂಥ ಸಾಧನವನ್ನು ವೈದ್ಯಕೀಯ ಅಕಾಡೆಮಿಯ ಮುಂದೆ ಪ್ರದರ್ಶಿಸಲಾಯಿತು. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಿಂಗ್ಸನ್ ಇದಕ್ಕೆ ಮರುಜೀವ ಕೊಟ್ಟರು. ಆರನ್ ಇಸ್ಮಾಕ್ ರೂಪಿಸಿದ, ಕಾಲಿನಿಂದ ಒತ್ತಿ ನಡೆಸುವ, ವಿದ್ಯುತ್ ಬೇಡದ ‘ಪೆಡ್-ಒ-ಜೆಟ್’ 1960ರ ದಶಕದಲ್ಲಿ ಪಶ್ಚಿಮ ಆಫ್ರಿಕ ಮತ್ತು ಬ್ರೆಜಿಲಿನ ಸಿಡುಬು ನಿರ್ಮೂಲನ ಕಾರ್ಯದಲ್ಲಿ ಬಳಕೆಗೆ ಬಂತು. ಒಂದು ಗಂಟೆಯಲ್ಲಿ ನೂರಾರು ಜನರಿಗೆ ಲಸಿಕೆ ಹಾಕಬಹುದಿತ್ತು.

ಸೂಜಿಯೇ ಇಲ್ಲವಾದ್ದರಿಂದ ಸೋಂಕಿನ ಭಯವೂ ಇಲ್ಲ ಎಂದುಕೊಂಡರು. ಆದರೆ 1984–85ರಲ್ಲಿ ಕ್ಯಾಲಿಫೋರ್ನಿಯದ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಇಂಥದೇ ಧಾರಾ ಸಾಧನದಿಂದ ಮದ್ದು ಪಡೆದವರಲ್ಲಿ ಹೆಪಟೈಟಿಸ್-ಬಿ ಹಬ್ಬಿತು. ಧಾರೆ ಚರ್ಮವನ್ನು ಹೊಕ್ಕ ಮೇಲೆ ಒಂದಿಷ್ಟು ರಕ್ತ ಹಿಮ್ಮುಖವಾಗಿ ಚಿಮ್ಮಿ ಸಾಧನದ ಮೂತಿಗೆ ಅಂಟುತ್ತದೆ. ಅದೇ ಮೂತಿ ಮುಂದಿನವನ ತೋಳಿಗೂ ತಾಗುತ್ತದೆ. ಬರಿಗಣ್ಣಿಗೆ ಕಾಣದಷ್ಟು ರಕ್ತವೇ ವೈರಸ್ಸಿಗೆ ಸಾಕು. 1997ರಲ್ಲಿ ಅಮೆರಿಕದ ಸೇನೆ ಈ ಸಾಧನಗಳ ಬಳಕೆಯನ್ನು ನಿಲ್ಲಿಸಿತು. ತೋಳಿನಿಂದ ತೋಳಿಗೆ ದಾಟಿದ ಹಳೆಯ ದೋಷವೇ ಹೊಸ ಯಂತ್ರದೊಳಗೆ ಮರಳಿ ಬಂದಿತ್ತು.

ಭಾರತದಲ್ಲಿ ಸಿಡುಬನ್ನು ಓಡಿಸಿದ್ದು ಯಂತ್ರಕ್ಕಿಂತ ಸರಳವಾದ ವಸ್ತು. ಬೆಂಜಮಿನ್ ರೂಬಿನ್ 1965ರಲ್ಲಿ ರೂಪಿಸಿದ ಕವಲು ಸೂಜಿ ಅದು. ಎರಡು ಮೊನೆಗಳ ನಡುವೆ ಒಂದೇ ಹನಿ ಲಸಿಕೆ ನಿಲ್ಲುತ್ತದೆ. ಹಳೆಯ ಕ್ರಮಕ್ಕೆ ಹೋಲಿಸಿದರೆ ಕಾಲು ಭಾಗ ಲಸಿಕೆ ಸಾಕು. ಸೂಜಿಯನ್ನು ಕುದಿಸಿ ಮತ್ತೆ ಬಳಸಬಹುದು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದರು.

ಕುದಿಸದ ಸೂಜಿಗಳ ಲೆಕ್ಕ

ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೆ ಸಮಸ್ಯೆ ಮುಗಿಯಬೇಕಿತ್ತಲ್ಲವೇ? ಒಮ್ಮೆ ಬಳಸಿ ಎಸೆಯಬೇಕಾದದ್ದನ್ನು ಎಸೆಯದಿದ್ದರೆ ಸಮಸ್ಯೆ ಇಮ್ಮಡಿ, ಏಕೆಂದರೆ ಅದನ್ನು ಕುದಿಸುವಂತೆಯೂ ಇಲ್ಲ. 2000ನೇ ಇಸವಿಯೊಂದರಲ್ಲೇ ಅಸುರಕ್ಷಿತ ಚುಚ್ಚುಮದ್ದುಗಳಿಂದ ಜಗತ್ತಿನಲ್ಲಿ 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್-ಬಿ, 20 ಲಕ್ಷ ಜನರಿಗೆ ಹೆಪಟೈಟಿಸ್-ಸಿ, 2 ಲಕ್ಷ 60 ಸಾವಿರ ಜನರಿಗೆ ಎಚ್‌ಐವಿ ಸೋಂಕು ತಗುಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. 2002–03ರಲ್ಲಿ ಇಂಡಿಯಾಕ್ಲೆನ್ ಜಾಲ ನಡೆಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದು. ಅವುಗಳಲ್ಲಿ ಶೇಕಡಾ 63ರಷ್ಟು ಅಸುರಕ್ಷಿತ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹಬ್ಬಿ ಹಲವರು ಸತ್ತರು.

ಇದಕ್ಕೆ ಒಂದು ಉತ್ತರ ತಾನಾಗಿ ನಿಷ್ಕ್ರಿಯವಾಗುವ ಸಿರಿಂಜು. ಒಮ್ಮೆ ಒತ್ತಿದ ಮೇಲೆ ಅದರ ಕೊಂತ ಮತ್ತೆ ಹಿಂದಕ್ಕೆ ಬರುವುದೇ ಇಲ್ಲ. ಮನುಷ್ಯನ ಎಚ್ಚರಿಕೆಯನ್ನು ನಂಬುವ ಬದಲು ಸುರಕ್ಷತೆಯನ್ನು ಸಾಧನದೊಳಗೇ ಕಟ್ಟಿಡುವುದು ಇದರ ಹಿಂದಿನ ಚಿಂತನೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 2000ದ ದಶಕದಲ್ಲಿ ಇದನ್ನು ಅಳವಡಿಸಿಕೊಂಡಿತು.

ವಿಮಾನ ವಿಜ್ಞಾನದಿಂದ ವೈದ್ಯಕ್ಕೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದದ್ದು 1942ರಲ್ಲಿ. ಅಲ್ಲಿನ ವಿಜ್ಞಾನಿಗಳು 1970ರ ದಶಕದಿಂದ ಆಘಾತ ತರಂಗಗಳನ್ನು ಅಭ್ಯಸಿಸುತ್ತ ಬಂದಿದ್ದಾರೆ. ಶಬ್ದಕ್ಕಿಂತ ವೇಗವಾಗಿ ಚಲಿಸುವ ಈ ತರಂಗ ಹಾದುಹೋಗುವ ಕ್ಷಣದಲ್ಲಿ ಮಾಧ್ಯಮದ ಒತ್ತಡ ಹಠಾತ್ತಾಗಿ ಏರುತ್ತದೆ. ವ್ಯೋಮನೌಕೆಗಳ ವಿನ್ಯಾಸಕ್ಕೆ ಬೇಕಾದ ಜ್ಞಾನ ಇದು. ಅಲ್ಲಿನ ಪ್ರೊ. ಕೆ.ಪಿ.ಜೆ. ರೆಡ್ಡಿಯವರು ಕೈಯಿಂದಲೇ ಕೊಂತವನ್ನು ತಳ್ಳಿ, ಕಾಗದದ ಪೊರೆ ಒಡೆದು, ಆಘಾತ ತರಂಗ ಉಂಟುಮಾಡುವ ‘ರೆಡ್ಡಿ ನಳಿಕೆ’ಯನ್ನೂ ರೂಪಿಸಿದರು. ಕಾಲೇಜಿನ ಪ್ರಯೋಗಾಲಯಕ್ಕೂ ಎಟುಕುವ ಉಪಕರಣ ಅದು.

ಅದೇ ವಿಭಾಗದ ಪ್ರೊ. ಜಿ. ಜಗದೀಶ್ ಮತ್ತು ಸೂಕ್ಷ್ಮಜೀವಿ ವಿಜ್ಞಾನದ ಪ್ರೊ. ದೀಪಶಿಖಾ ಚಕ್ರವರ್ತಿ ಅವರ ತಂಡಗಳು ಕೂಡಿ 2011ರಲ್ಲಿ ಒಂದು ಹೊಸ ಸಾಧನದ ವಿವರ ಪ್ರಕಟಿಸಿದವು. ಸಣ್ಣ ಪಾಲಿಮರ್ ನಳಿಕೆಯ ಒಳಗೋಡೆಗೆ ಅತ್ಯಲ್ಪ ಸ್ಫೋಟಕ ಲೇಪಿಸಿರುತ್ತಾರೆ. ವಿದ್ಯುತ್ ಕಿಡಿ ತಾಗಿಸಿದಾಗ ಸೂಕ್ಷ್ಮ ಆಘಾತ ತರಂಗ ಹುಟ್ಟಿ, ತೆಳು ಲೋಹದ ಹಾಳೆಯೊಂದನ್ನು ಬಡಿಯುತ್ತದೆ. ಹಾಳೆ ಹಠಾತ್ತನೆ ಉಬ್ಬಿ, ಆಚೆಗಿರುವ ಲಸಿಕೆಯನ್ನು ಧಾರೆಯಾಗಿ ಚಿಮ್ಮಿಸುತ್ತದೆ.

ಇವರ ಗುರಿ ಚರ್ಮದ ಅತಿ ಮೇಲಿನ ಪದರ: ಸುಮಾರು 100 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಏಕೆ ಅಲ್ಲಿ? ಆ ಪದರದಲ್ಲಿ ಲ್ಯಾಂಗರ್‌ಹ್ಯಾನ್ಸ್ ಕೋಶಗಳಿವೆ. ಪಾಲ್ ಲ್ಯಾಂಗರ್‌ಹ್ಯಾನ್ಸ್ ಇವನ್ನು 1868ರಲ್ಲಿ ಗುರುತಿಸಿದಾಗ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ. ಇವು ದೇಹದ ಗಡಿ ಕಾವಲುಗಾರರು. ಹೊರಗಿನ ವಸ್ತುವನ್ನು ಹಿಡಿದು ರಕ್ಷಣಾ ವ್ಯವಸ್ಥೆಗೆ ಒಪ್ಪಿಸುತ್ತವೆ. ರಕ್ತನಾಳಗಳಿರುವುದು ಇದಕ್ಕಿಂತ ಕೆಳಗೆ. ಆದ್ದರಿಂದ ಧಾರೆ ಇಷ್ಟೇ ಆಳದಲ್ಲಿ ನಿಂತರೆ ರಕ್ತ ಹಿಮ್ಮುಖವಾಗಿ ಚಿಮ್ಮುವ ಅಪಾಯ ಕಡಿಮೆ, ನೋವೂ ಕಡಿಮೆ. ಇಲಿಗಳಿಗೆ ಸಾಲ್ಮೊನೆಲ್ಲ ಲಸಿಕೆ ಕೊಟ್ಟಾಗ, ಹತ್ತನೇ ಒಂದು ಭಾಗ ಮದ್ದಿನಲ್ಲೇ ಇತರ ಮಾರ್ಗಗಳಿಗಿಂತ ಉತ್ತಮ ರಕ್ಷಣೆ ದೊರೆಯಿತು.

ಆದರೆ ಸ್ಫೋಟಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಾದೀತೇ? ಇದೇ ಸಂಸ್ಥೆಯ ತಂಡ 2017ರಲ್ಲಿ ಪ್ರಕಟಿಸಿದ ಸಾಧನದಲ್ಲಿ ಸ್ಫೋಟಕವಿಲ್ಲ. ನೀರನ್ನು ವಿದ್ಯುದ್ವಿಭಜನೆಗೊಳಿಸಿ ಅಲ್ಲೇ ಪಡೆದ ಹೈಡ್ರೋಜನ್–ಆಕ್ಸಿಜನ್ ಮಿಶ್ರಣವನ್ನು ದಹಿಸಿ ತರಂಗ ಉಂಟುಮಾಡುತ್ತಾರೆ. ಅದರಿಂದ ಕ್ಷಯದ ಬಿಸಿಜಿ ಲಸಿಕೆ ಕೊಟ್ಟು ಇಲಿಗಳಲ್ಲಿ ಫಲ ಕಂಡರು. ಇಲಿಯ ಚರ್ಮಕ್ಕೂ ನಮ್ಮ ಚರ್ಮಕ್ಕೂ ದಪ್ಪದಲ್ಲಿ ವ್ಯತ್ಯಾಸ ಬಹಳ. ಅಲ್ಲಿಂದ ಮನುಷ್ಯನವರೆಗಿನ ಹಾದಿ ದೀರ್ಘ, ಅದು ದೀರ್ಘವಾಗಿಯೇ ಇರಬೇಕು. ಸೂಜಿಯಿಲ್ಲದ ಲಸಿಕೆ ಮನುಷ್ಯರಿಗೆ ದೂರದ ಮಾತೇನಲ್ಲ: 2021ರ ಆಗಸ್ಟಿನಲ್ಲಿ ಭಾರತ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟ ಜೈಕೋವ್-ಡಿ ಎಂಬ ಕೋವಿಡ್ ಲಸಿಕೆಯನ್ನು ಧಾರಾ ಸಾಧನದಿಂದಲೇ ಚರ್ಮದೊಳಕ್ಕೆ ಕೊಡಲಾಗುತ್ತಿತ್ತು. ಅದರಲ್ಲಿ ದ್ರವ ತುಂಬುವ, ಚರ್ಮಕ್ಕೆ ತಾಗುವ ಭಾಗ ಒಬ್ಬರಿಗೆ ಒಂದೇ ಬಾರಿ; ಕ್ಯಾಲಿಫೋರ್ನಿಯ ಕಲಿಸಿದ ಪಾಠ ಅಲ್ಲಿ ಕೆಲಸ ಮಾಡಿತು.

ತರಗತಿಯಲ್ಲಿ

ಶಿಕ್ಷಕರೇ, ಒತ್ತಡದ ಪಾಠ ಮಾಡುವಾಗ ಮೇಲಿನ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ನೀರು ತುಂಬಿ, ಬಕೆಟ್ಟಿನ ಕಡೆಗೆ ನಿಧಾನವಾಗಿಯೂ ಜೋರಾಗಿಯೂ ಒತ್ತಿಸಿ, ಧಾರೆ ಬೀಳುವ ದೂರದಿಂದ ವೇಗವನ್ನು ಕಂಡುಹಿಡಿಯಲು ಹೇಳಿ. ಸೆಕೆಂಡಿಗೆ ಕೆಲವೇ ಮೀಟರು ಬಂದೀತು. 100 ಮೀಟರಿಗೆ ಇನ್ನೆಷ್ಟು ದೂರವೆಂದು ಅವರಿಗೇ ಅರಿವಾಗುತ್ತದೆ.

ಜೊತೆಗೆ ಇನ್ನೊಂದು ಮಾತನ್ನೂ ಹೇಳಿ. ಚುಚ್ಚುಮದ್ದು ತೆಗೆದುಕೊಳ್ಳುವಾಗ ಸಿರಿಂಜನ್ನು ತಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ತೆಗೆಯುತ್ತಾರೆಯೇ ಎಂದು ನೋಡುವುದು, ತೆಗೆಯದಿದ್ದರೆ ಕೇಳುವುದು ಅವಿನಯವಲ್ಲ. ಮಾತ್ರೆಯಿಂದ ಆಗುವ ಕೆಲಸಕ್ಕೆ ಚುಚ್ಚುಮದ್ದೇ ಬೇಕೆಂದು ಹಟ ಹಿಡಿಯುವುದು ಬೇಡ. ಇನ್ನೂರು ವರ್ಷಗಳ ಈ ಚರಿತ್ರೆಯಲ್ಲಿ ಪ್ರತಿ ಸುಧಾರಣೆಯೂ ಯಾರೋ ಎರಡನೆಯ ಪ್ರಶ್ನೆಯನ್ನು ಕೇಳಿದ್ದರಿಂದಲೇ ಬಂದದ್ದು. ಅದನ್ನು ಕೇಳಲು ಪ್ರಯೋಗಾಲಯವೇ ಬೇಕೆಂದಿಲ್ಲ.