ಜಠರಾಗ್ನಿಯೂ ದಾವಣಗೆರೆ ಸೀಮೆಯ ಆಹಾರವೂ

ಉಂಡ ಅನ್ನವು ಉದರದಲ್ಲಿ ಚೆನ್ನಾಗಿ ಪಾಕವಾದರೆ ಬಲವಾಗುವುದು, ಆಗದಿದ್ದರೆ ರೋಗವಾಗುವುದು ಎಂಬ ಅರಿವು ಕನ್ನಡ ನಾಡಿನಲ್ಲಿ ಬಹು ಹಳೆಯದು. ವಾಗ್ಭಟನೇ ಮೊದಲಾದ ಆಚಾರ್ಯರು ಮಂದಾಗ್ನಿಯನ್ನು ಸಕಲ ವ್ಯಾಧಿಗಳ ಮೂಲವೆಂದೆಣಿಸಿದರು. ಆ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದವರಲ್ಲಿ 12ನೆಯ ಶತಮಾನದ ಜಗದ್ದಳ ಸೋಮನಾಥನು ಪ್ರಮುಖನು. ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನನುಸರಿಸಿ ಅವನು ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ದಲ್ಲಿ ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯೇ ಹೇಳಲ್ಪಟ್ಟಿದೆ. ಶರಣರಲ್ಲಿಯೂ ವೈದ್ಯವೃತ್ತಿಯವರಿದ್ದರು, ವೈದ್ಯ ಸಂಗಣ್ಣನು ರೋಗ, ಔಷಧಗಳ ಮಾತಿನಲ್ಲಿಯೇ ತತ್ತ್ವವನ್ನು ಬೋಧಿಸಿದ ವಚನಕಾರನು.

ಆದರೆ ಜೀರ್ಣದ ವಿಚಾರದಲ್ಲಿ ವೈದ್ಯನ ಸಂಚಿಗಿಂತ ಅಡಿಗೆಮನೆಯೇ ಮೊದಲು. ಎರಡನೆಯ ಚಾವುಂಡರಾಯನು 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ವೈದ್ಯದೊಡನೆ ಪಾಕಕ್ಕೂ ಎಡೆಗೊಟ್ಟನು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಶಾಕಾಹಾರದ ಅಡಿಗೆಯನ್ನೇ ವಸ್ತುವಾಗಿಸಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. 1709ರಲ್ಲಿ ಕೆಳದಿಯ ಬಸವಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಮಹಾಕೋಶದಲ್ಲಿಯೂ ಪಾಕಶಾಸ್ತ್ರವು ಸೇರಿತು. ರಾಜ್ಯವಾಳುವವನು ಸಾರಿನ ವಗ್ಗರಣೆಯನ್ನೂ ಶಾಸ್ತ್ರವೆಂದು ಬಗೆದುದು ಸಣ್ಣ ಮಾತಲ್ಲ.

ಮನೆಮದ್ದುಗಳಲ್ಲಿ ಹಿಂಗ್ವಷ್ಟಕ ಚೂರ್ಣವು ಹೆಸರುವಾಸಿಯಾದುದು. ಶುಂಠಿ, ಮೆಣಸು, ಹಿಪ್ಪಲಿ, ಓಮ, ಸೈಂಧವ ಲವಣ, ಎರಡು ಬಗೆಯ ಜೀರಿಗೆ, ಇಂಗು ಎಂಬ ಎಂಟು ದ್ರವ್ಯಗಳನ್ನು ಕೂಡಿಸಿ, ಊಟದ ಮೊದಲ ತುತ್ತುಗಳಲ್ಲಿ ತುಪ್ಪದೊಡನೆ ಸೇವಿಸುವುದು ಇದರ ಕ್ರಮ. ಊಟದ ಕಡೆಯಲ್ಲಿ ಮಜ್ಜಿಗೆಯೂ ಅದೇ ಉದ್ದೇಶದ್ದು. ಹುಳಿಯೇರುವಾಗ ಹಾಲಿನ ಸಕ್ಕರೆಯ ಕೆಲವಂಶವು ಕಳೆಯುವುದರಿಂದ, ಹಾಲು ಒಗ್ಗದ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ. ಶುಂಠಿಯು ಓಕರಿಕೆಯನ್ನು ಕಡಿಮೆಮಾಡುವುದೆಂಬುದನ್ನು ಈಚಿನ ಪರೀಕ್ಷೆಗಳೂ ಒಪ್ಪಿವೆ.

ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಮೊದಲು ಜೋಳ ರಾಗಿಗಳೇ ಮುಖ್ಯಾನ್ನವಾಗಿದ್ದವು. 1965ರಲ್ಲಿ ಭದ್ರಾ ಯೋಜನೆಯು ಪೂರ್ಣವಾಗಿ ನಾಲೆಯ ನೀರು ಹರಿದ ಮೇಲೆ ಭತ್ತದ ಬೇಸಾಯವು ಹಬ್ಬಿ, ಅಕ್ಕಿಯು ಬಡವರ ತಟ್ಟೆಗೂ ಬಂದಿತು. ತೌಡು ಕಳೆದ ಬಿಳಿಯಕ್ಕಿಯಲ್ಲಿ ನಾರು ಕಡಿಮೆ. ಮಲಬದ್ಧತೆಯ ದೂರು ಹೆಚ್ಚಿದರೆ ಆಶ್ಚರ್ಯವೇನು? ಈ ಊರಿನ ಮಂಡಕ್ಕಿಯ ಮಾತು ಬೇರೆ. ಕುಸುಬಲಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸಿದ ಈ ಆಹಾರವು ಹಗುರವಾದುದು, ಬೇಗ ಜೀರ್ಣವಾಗುವುದು. ಆದರೆ ಬೇಗ ಜೀರ್ಣವಾಗುವುದರಿಂದಲೇ ರಕ್ತದಲ್ಲಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮಧುಮೇಹಿಗಳು ಇದನ್ನು ನಿರಪಾಯವೆಂದು ತಿಳಿಯಬಾರದು. ಬೆಣ್ಣೆದೋಸೆಯು 1928ರ ಸುಮಾರಿಗೆ ಚನ್ನಮ್ಮನೆಂಬಾಕೆಯ ಕೈಯಲ್ಲಿ ರಾಗಿಹಿಟ್ಟಿನ ದೋಸೆಯಾಗಿ ಮೊದಲಾಯಿತೆಂದೂ, ಆಕೆಯ ಮಕ್ಕಳ ಕಾಲದಲ್ಲಿ ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟು ಬಂದಿತೆಂದೂ ಊರಿನವರು ಹೇಳುವರು. ಹುಳಿಬಂದ ಹಿಟ್ಟು ಉದರಕ್ಕೆ ಸುಲಭವಾದರೂ ಮೇಲಿನ ಬೆಣ್ಣೆಯು ಅನ್ನವನ್ನು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಕರೂರು ಕೈಗಾರಿಕಾ ಪ್ರದೇಶದಂಥ ಎಡೆಗಳಲ್ಲಿ ರಾತ್ರಿಪಾಳಿ ದುಡಿದು ಅವೇಳೆಯಲ್ಲಿ ಉಣ್ಣುವವರಿಗೆ ಎದೆಯುರಿ ಹತ್ತುವುದಕ್ಕೆ ಇಂಥ ಜಿಡ್ಡೂ ಅವೇಳೆಯ ಊಟವೂ ಕೂಡಿದ ಕಾರಣಗಳು.

ಪಾಶ್ಚಾತ್ಯರಲ್ಲಿ ಜಠರರಸದ ಶೋಧವು ಹೊಸದು. ಅಮೆರಿಕದ ಬ್ಯೂಮಾಂಟನೆಂಬ ವೈದ್ಯನು, ಗುಂಡಿನ ಗಾಯದಿಂದ ಹೊಟ್ಟೆಯಲ್ಲಿ ರಂಧ್ರವುಳಿದಿದ್ದ ಒಬ್ಬನ ಜಠರವನ್ನು ನೋಡಿ, ಅಲ್ಲಿ ರಸದಿಂದಲೇ ಅನ್ನ ಕರಗುವುದೆಂದು 1833ರಲ್ಲಿ ಪ್ರಕಟಿಸಿದನು. ಆದರೂ ಹೊಟ್ಟೆಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂಬ ನಂಬಿಕೆಯು ಬಹುಕಾಲ ಉಳಿಯಿತು. ಆಸ್ಟ್ರೇಲಿಯದ ವಾರನ್ ಮತ್ತು ಮಾರ್ಷಲರು 1982ರಲ್ಲಿ ಅದಕ್ಕೆ ಒಂದು ಸೂಕ್ಷ್ಮಾಣುವೇ ಮುಖ್ಯ ಕಾರಣವೆಂದು ಹೇಳತೊಡಗಿದಾಗ ಹಲವರು ನಂಬಲಿಲ್ಲ. ಮಾರ್ಷಲನು ಆ ಸೂಕ್ಷ್ಮಾಣುವನ್ನು ತಾನೇ ಕುಡಿದು ಜಠರದ ಉರಿಯೂತಕ್ಕೊಳಗಾಗಿ ತೋರಿಸಿದನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಇಂಥ ಹುಣ್ಣು ಇಂಗುಜೀರಿಗೆಗಳಿಂದ ಮಾಯುವುದಿಲ್ಲ. ವಾರಗಟ್ಟಲೆ ನೋವು, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕವಿಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಚೂರ್ಣದ ಡಬ್ಬಿಯನ್ನು ಮುಚ್ಚಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು. ಸೂಕ್ಷ್ಮಾಣುವೇ ಕಾರಣವಾದರೆ ಸುಮಾರು ಎರಡು ವಾರಗಳ ಔಷಧಗಳಿಂದ ಅದು ಬಹುಮಟ್ಟಿಗೆ ನಿರ್ಮೂಲವಾಗುತ್ತದೆ.