ನಾಳಿಂದ ಬರಬ್ಯಾಡ

ಸಂಘ ಕಟ್ಟುವ ಹಕ್ಕು ಕೂಲಿಕಾರರಿಗೆ ಇದೆಯೆಂದು ನಾವು ಪ್ರತಿ ಮೇ ದಿನದಂದು ಕೇಳುತ್ತೇವೆ. ಸಂಘದ ಕಾರ್ಯದರ್ಶಿಯಾದವನ ನೌಕರಿ ಮರುದಿನ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಂಘ ಒಡೆಯಲು ಮಾಲಕ ಎಲ್ಲರನ್ನೂ ತೆಗೆಯಬೇಕಿಲ್ಲ. ಮುಂದೆ ನಿಂತು ಮಾತಾಡುವ ನಾಲ್ಕು ಮಂದಿಗೆ ‘ನಾಳಿಂದ ಬರಬ್ಯಾಡ’ ಅಂದರೆ ಸಾಕು. ಉಳಿದವರು ಹೆಂಡತಿ ಮಕ್ಕಳ ಮುಖ ನೋಡಿ ಸುಮ್ಮನಾಗುತ್ತಾರೆ.

ನಮ್ಮ ಸೀಮೆಯಿಂದಲೇ ಶುರು ಮಾಡೋಣ. 1948ರವರೆಗೆ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಹೊಲದ ಹತ್ತಿ ಒಂದೇ, ಹೊಟ್ಟೆಯ ಹಸಿವೂ ಒಂದೇ, ಆದರೆ ಆಳುವವರು ಮೂವರು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಗದಗಿನ ಕೂಲಿಕಾರ ಅದರಡಿ ಸಂಘ ನೋಂದಾಯಿಸಬಹುದಿತ್ತು. ಕೆಲವೇ ಹರದಾರಿ ಆಚೆಯ ಶಿರಹಟ್ಟಿಯವನಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ.

ಆ ಕಾಯ್ದೆಯಾದರೂ ಸುಮ್ಮನೆ ಬಂದದ್ದಲ್ಲ. 1918ರಲ್ಲಿ ಮದ್ರಾಸಿನ ಗಿರಣಿ ಕಾರ್ಮಿಕರು ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. 1920ರಲ್ಲಿ ಬಿನ್ನಿ ಕಂಪನಿ ಹೈಕೋರ್ಟಿಗೆ ಹೋಗಿ ನಾಯಕರ ಮೇಲೆಯೇ ದಾವೆ ಹೂಡಿ ತಡೆಯಾಜ್ಞೆ ತಂದಿತು. ಮರುವರ್ಷದ ಮುಷ್ಕರವನ್ನು ಜಾತಿ ಒಡೆಯಿತು. ಆದಿದ್ರಾವಿಡ ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದರು. ಪುಳಿಯಂತೋಪಿನಲ್ಲಿ ಅವರ ಗುಡಿಸಲುಗಳು ಸುಟ್ಟವು. ಅಸ್ಪೃಶ್ಯನನ್ನು ಪಕ್ಕಕ್ಕೆ ಕೂಡಿಸಿಕೊಳ್ಳದ ಸಂಘವನ್ನು ಮಾಲಕ ಒಡೆಯಬೇಕಿಲ್ಲ, ಅದು ತಾನೇ ಒಡೆಯುತ್ತದೆ ಎಂಬುದನ್ನು ನಾವು ಇಲ್ಲಿ ಮರೆಯಬಾರದು.

1926ರ ಕಾಯ್ದೆ ನಾಯಕರನ್ನು ಒಳಸಂಚಿನ ಮೊಕದ್ದಮೆಯಿಂದ, ಇಂಥ ದಾವೆಗಳಿಂದ ಕಾಪಾಡಿತು. ಆದರೆ ನೌಕರಿಯಿಂದ ತೆಗೆದರೆ? ಅದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಸಂಘವನ್ನು ಮಾಲಕ ಮಾನ್ಯ ಮಾಡಲೇಬೇಕೆಂಬ ಮಾತೂ ಇರಲಿಲ್ಲ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಒಬ್ಬರು. ಅವರನ್ನು ಬರೀ ಮೀಸಲಾತಿಯ ನಾಯಕರೆಂದು ತೋರಿಸುವವರು ಇದನ್ನು ಮುಚ್ಚಿಡುತ್ತಾರೆ. 1938ರಲ್ಲಿ ಮುಂಬಯಿ ಶಾಸನಸಭೆಗೆ (ಗದಗ ಸೀಮೆಗೂ ಆಗ ಅದೇ ಸಭೆ) ಕೈಗಾರಿಕಾ ವಿವಾದ ಮಸೂದೆ ಬಂತು. ಒಲ್ಲದವನನ್ನು ದುಡಿಸುವುದು ಗುಲಾಮಗಿರಿ, ಮುಷ್ಕರವನ್ನು ಅಪರಾಧವೆನ್ನುವುದೂ ಅದೇ ಎಂದು ಅವರು ವಾದಿಸಿದರು. ಆ ವರ್ಷ ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಕಮ್ಯುನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ನಡೆಸಿತು. ಮಸೂದೆ ಕಾಯ್ದೆಯಾಗಿಯೇ ಬಿಟ್ಟಿತು. ಮುಂದೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ 1943ರಲ್ಲಿ ಅವರು ಸಂಘಗಳಿಗೆ ಕಡ್ಡಾಯ ಮಾನ್ಯತೆ ಕೊಡುವ ಮಸೂದೆ ಮಂಡಿಸಿದರು. 1947ರಲ್ಲಿ ಅಂಥ ತಿದ್ದುಪಡಿ ಪಾಸೂ ಆಯಿತು. ಆದರೆ ಅದನ್ನು ಜಾರಿಗೆ ತರಲೇ ಇಲ್ಲ! ಸ್ವಾತಂತ್ರ್ಯ ಬಂತು, ಕಾಯ್ದೆ ಕಾಗದದಲ್ಲೇ ಉಳಿಯಿತು.

ಬದಲಿಗೆ ಸಿಕ್ಕದ್ದು ‘ರಕ್ಷಿತ ಕಾರ್ಮಿಕ’ ಎಂಬ ಪದ. 1947ರ ಕೈಗಾರಿಕಾ ವಿವಾದ ಕಾಯ್ದೆಯ 33ನೇ ಕಲಮನ್ನು 1956ರಲ್ಲಿ ತಿದ್ದಿದರು. ವಿವಾದ ವಿಚಾರಣೆಯಲ್ಲಿರುವಾಗ ರಕ್ಷಿತನಾದ ಪದಾಧಿಕಾರಿಯನ್ನು ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಎಷ್ಟು ಮಂದಿಗೆ ಈ ರಕ್ಷಣೆ? ನೂರಕ್ಕೆ ಒಬ್ಬ; ಕನಿಷ್ಠ 5, ಗರಿಷ್ಠ 100. ಸಂಘ ಹೆಸರು ಬರೆದು ಕೊಡಬೇಕು, ಮಾಲಕ ಮಾನ್ಯ ಮಾಡಬೇಕು. ಕುರಿಯ ಕಾವಲನ್ನು ತೋಳವೇ ಒಪ್ಪಬೇಕು ಅಂದಂಗ ಆತು. ಸಂಘದ ಕೆಲಸಕ್ಕಾಗಿ ತೆಗೆಯುವುದನ್ನು ‘ಅನುಚಿತ ಕಾರ್ಮಿಕ ಪದ್ಧತಿ’ಯೆಂದು ಪಟ್ಟಿ ಮಾಡಿ ಶಿಕ್ಷೆ ಗೊತ್ತುಮಾಡಿದ 1982ರ ತಿದ್ದುಪಡಿ ಜಾರಿಯಾದದ್ದು 1984ರಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ ಲೆಕ್ಕವನ್ನು ಉಳಿಸಿಕೊಂಡಿದೆ. ಸಂಘ ಕಟ್ಟಿದವರ ಮೇಲೆ ಹಗೆ ಸಾಧಿಸಬಾರದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ.

ಇನ್ನು ನಮ್ಮ ಕೇರಿಗೆ ಬರೋಣ. ಬಂಗಾಳದ ಬಜ್‌ಬಜ್ ಪುರಸಭೆ ಇಬ್ಬರು ಸಂಘದ ಸದಸ್ಯರನ್ನು ತೆಗೆದಾಗ, ಪುರಸಭೆಯ ನೌಕರರಿಗೂ ಈ ಕಾಯ್ದೆ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1952ರಲ್ಲೇ ಹೇಳಿತು. ಸರಿ. ಆದರೆ ಗಟಾರ ಬಳಿಯುವ ನಮ್ಮ ಅಕ್ಕ ಗುತ್ತಿಗೆದಾರನ ಕೈಕೆಳಗಿದ್ದರೆ? ಸುಗ್ಗಿಯಲ್ಲಷ್ಟೇ ಜಿನ್ನಿಗೆ ಹೋಗುವವಳು, ಅಡತಿ ಅಂಗಡಿಯ ಮುಂದೆ ಚೀಲ ಹೊರುವ ಹಮಾಲ, ಮಗ್ಗದ ಮಾಲಕನ ಮನೆಯಲ್ಲೇ ನೇಯುವ ಬೆಟಗೇರಿಯ ನೇಕಾರ, ಇವರನ್ನು ಯಾರೂ ವಜಾ ಮಾಡುವುದಿಲ್ಲ. ಬರೀ ಕರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ ವಜಾ ಆದೇಶ ಯಾಕೆ ಬೇಕು? ಆದೇಶವಿಲ್ಲದೆ ಕೋರ್ಟಿಗೆ ಏನು ಹಿಡಿದುಕೊಂಡು ಹೋಗಬೇಕು?

ಹಿಂದೆ ಕಾಯ್ದೆ ಸಂಸ್ಥಾನದ ಗಡಿಯಲ್ಲಿ ನಿಲ್ಲುತ್ತಿತ್ತು. ಈಗ ಅದು ಹಾಜರಿ ಪುಸ್ತಕದ ಗಡಿಯಲ್ಲಿ ನಿಂತಿದೆ. ಆ ಗಡಿಯಾಚೆ ಇರುವವರಲ್ಲಿ ನಮ್ಮ ಜನ ಎಷ್ಟು ಮಂದಿ ಎಂದು ಬೇರೆ ಹೇಳಬೇಕೇ?

ಆದ್ದರಿಂದ ಗೆಳೆಯರೇ, ಓದು ಬಲ್ಲ ನಾವು ಮಾಡಬಹುದಾದ ಕೆಲಸವೊಂದಿದೆ. ಯಾರು, ಯಾರ ಕೆಳಗೆ, ಯಾವ ದಿನದಿಂದ ದುಡಿದರು ಎಂದು ಕೇರಿ ಕೇರಿಯಲ್ಲಿ ನಾವೇ ಹಾಜರಿ ಬರೆಯೋಣ. ಪದಾಧಿಕಾರಿಗಳ ಹೆಸರನ್ನು ಬರೆದು ಕೊಟ್ಟು, ತಲುಪಿದ ರಸೀದಿ ಇಟ್ಟುಕೊಳ್ಳೋಣ. ಒಬ್ಬನಿಗೆ ‘ಬರಬ್ಯಾಡ’ ಅಂದ ದಿನ ಉಳಿದವರೂ ಹೋಗದಿದ್ದರೆ, ಅವನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಯಾವ ಕಲಮಿನಲ್ಲೂ ಇಲ್ಲ.